ಅಕ್ಕನ ಸೀಟಿನ ಕೆಳಗಿನ ಬಿಸಿ

ನಾನು ಏನು ಕೆಲಸ ಮಾಡುತ್ತೇನೆ ಎಂದು ನೆಂಟರಿಷ್ಟರಿಗೆ ಹೇಳಿ ಹೇಳಿ ನನಗೆ ಸಾಕಾಗಿಹೋಗಿದೆ. ಕೋಟಿಂಗ್ ಮಾಡುತ್ತೇವೆ ಎಂದರೆ ಸಾಕು, ‘ಓ, ಪೇಂಟಾ? ನಮ್ಮನೆ ಗೇಟ್ಗೂ ಒಂದು ಕೋಟು ಒಡ್ಕೊಡವ್ವ’ ಎನ್ನುತ್ತಾರೆ. ಒಬ್ಬ ದೊಡ್ಡಪ್ಪನಂತೂ ಮದುವೆಮನೆಯ ಊಟದ ಪಂಕ್ತಿಯಲ್ಲಿ, ಎಲ್ಲರಿಗೂ ಕೇಳುವಂತೆ, ‘ಡಿಪ್ಲೊಮಾ ಓದ್ಬುಟ್ಟು ಸುಣ್ಣ ಬಳಿಯಾದಾ?’ ಎಂದು ಕೇಳಿಬಿಟ್ಟ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಎಲೆ ಬಿಟ್ಟು ಏಳುವಂತಿಲ್ಲವಲ್ಲ, ಹಲ್ಲು ಕಚ್ಚಿಕೊಂಡು ಪಾಯಸ ಕುಡಿದೆ.

ಆಮೇಲೆ ಒಂದು ಉಪಾಯ ಕಂಡುಕೊಂಡೆ. ಯಾರಾದರೂ ಕೇಳಿದರೆ ಕಾಫಿಯ ಉದಾಹರಣೆ ಕೊಡುತ್ತೇನೆ. ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ ಹಿಡಿದರೆ ಕೈ ಚುರ್ ಅನ್ನುತ್ತದೆ, ಪಿಂಗಾಣಿ ಕಪ್ಪಿನಲ್ಲಿ ಹಿಡಿದರೆ ಅಷ್ಟು ಸುಡುವುದಿಲ್ಲ. ಆ ಪಿಂಗಾಣಿಯ ಜಾತಿಗೇ ಸೇರಿದ ಪುಡಿಯನ್ನು ಅಂಟಿನಲ್ಲಿ ಕಲಸಿ, ಕಾರಿನ ಎಂಜಿನ್ನಿನ ಬಿಸಿ ಭಾಗಗಳ ಮೇಲೆ ತೆಳ್ಳಗೆ ಸಿಂಪಡಿಸಿ, ದೊಡ್ಡ ಓವನ್ನಿನಲ್ಲಿಟ್ಟು ಕಾಯಿಸುತ್ತೇವೆ. ಒಳಗಿನ ಬಿಸಿ ಒಳಗೇ ಉಳಿದು ಹೊಗೆಕೊಳವೆಯಲ್ಲಿ ಆಚೆ ಹೋಗುತ್ತದೆ, ಸುತ್ತಮುತ್ತ ಇರುವುದೆಲ್ಲ ತಂಪಾಗಿರುತ್ತದೆ. ಇಷ್ಟೇ ವಿಷಯ. ಇದಕ್ಕೆ ಸುಣ್ಣ ಅನ್ನುವವರ ಬಾಯಿಗೆ ಅದೇ ಓವನ್ನಿನ ಹಿಡಿ ತಾಗಿಸಬೇಕು ಅನ್ನಿಸುತ್ತದೆ.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ, ದೊಡ್ಡ ದೊಡ್ಡ ಕಾರ್ಖಾನೆಗಳ ಹಿಂದಿನ ಸಾಲಿನಲ್ಲಿ ನಮ್ಮದೊಂದು ತಗಡಿನ ಷೆಡ್ಡು. ಅಲ್ಲಿಗೆ ಬರುವವರಲ್ಲಿ ಮುಕ್ಕಾಲು ಪಾಲು ಮೈಸೂರಿನ ಹುಡುಗರು. ಕಾರಿಗೆ ರೇಸಿನ ಎಂಜಿನ್ ಕೂರಿಸಿಕೊಂಡು, ಸೈಲೆನ್ಸರಿನ ಪೈಪು ಹೊತ್ತು ತಂದು, ‘ಮೇಡಂ, ಬ್ಲ್ಯಾಕ್ ಬರುತ್ತಾ, ಗೋಲ್ಡ್ ಬರುತ್ತಾ?’ ಎಂದು ಕೇಳುತ್ತಾರೆ. ಬಿಸಿ ಎಷ್ಟು ತಡೆಯುತ್ತದೆ ಎಂದು ಕೇಳುವವರು ಅಪರೂಪ. ಇಷ್ಟು ವರ್ಷ ನಾನು ಈ ಕೆಲಸ ಮಾಡಿದ್ದು ಇವರ ಶೋಕಿಗಾ ಎಂದು ಎಷ್ಟೋ ಸಲ ಬೇಜಾರಾಗಿದೆ. ನಮ್ಮ ಲೇಪನ ನಿಜವಾಗಿ ಬೇಕಾಗಿ ನನ್ನ ಮುಂದೆ ನಿಂತವಳೆಂದರೆ ನನ್ನ ಅಕ್ಕ.

ಅಕ್ಕನನ್ನು ಕೊಟ್ಟಿರುವುದು ನಮ್ಮ ತವರಿರುವ ತಿ. ನರಸೀಪುರ ತಾಲ್ಲೂಕಿನಲ್ಲೇ, ಬನ್ನೂರಿನ ಕಡೆಯ ಒಂದು ಹಳ್ಳಿಗೆ. ಭಾವನ ಹತ್ತಿರ ಹಳೆಯ ವ್ಯಾನು ಇತ್ತು. ಅವರಿಗೆ ಪಂಚಾಯಿತಿಯಲ್ಲಿ ನೀರುಗಂಟಿ ಕೆಲಸ ಸಿಕ್ಕಿದ ಮೇಲೆ ವ್ಯಾನು ಮನೆ ಮುಂದೆ ನಿಂತು ಕೋಳಿಗಳ ಪಾಲಾಗಿತ್ತು. ಒಂದು ದಿನ ಅಕ್ಕ ಸೆರಗು ಸಿಕ್ಕಿಸಿಕೊಂಡು, ಕೋಳಿಗಳನ್ನು ಓಡಿಸಿ, ತಾನೇ ಸ್ಟೇರಿಂಗ್ ಹಿಡಿದಳು. ಡ್ರೈವಿಂಗ್ ಕಲಿತು, ಲೈಸೆನ್ಸ್ ಮಾಡಿಸಿ, ಸುತ್ತಲಿನ ಊರುಗಳ ಹೆಂಗಸರನ್ನು ಗಾರ್ಮೆಂಟ್ಸ್ ಕೆಲಸಕ್ಕೆ ಕರೆದುಕೊಂಡು ಹೋಗಿ ಬರಲು ಶುರುಮಾಡಿದಳು. ಆ ವ್ಯಾನಿನೊಳಗೆ ಒಂದು ಸಲ ಕೂತು ನೋಡಬೇಕು. ಅಬ್ಬಬ್ಬಾ, ಏನು ಮಾತು, ಏನು ನಗು, ಯಾರ ಮನೆ ಸೊಸೆ, ಯಾರ ಮನೆ ಅತ್ತೆ ಎಲ್ಲ ಅಲ್ಲೇ ಇತ್ಯರ್ಥ. ಅಕ್ಕ ಕನ್ನಡಿಯಲ್ಲಿ ಹಿಂದೆ ನೋಡಿಕೊಂಡೇ ತೀರ್ಪು ಕೊಡುತ್ತಾಳೆ. ಊರಿನಲ್ಲಿ ಅವಳನ್ನು ಯಾರೂ ನೀರುಗಂಟಿ ಹೆಂಡತಿ ಅನ್ನುವುದಿಲ್ಲ, ಭಾವನನ್ನೇ ವ್ಯಾನಕ್ಕನ ಗಂಡ ಅನ್ನುತ್ತಾರೆ.

ಆ ಜಾತಿಯ ವ್ಯಾನಿನಲ್ಲಿ ಎಂಜಿನ್ ಇರುವುದು ಮುಂದಿನ ಮೂತಿಯಲ್ಲಲ್ಲ, ಮುಂದಿನ ಸೀಟುಗಳ ಕೆಳಗೇ. ಸೀಟು ಎತ್ತಿದರೆ ಎಂಜಿನ್ ಕಾಣುತ್ತದೆ. ಡ್ರೈವರಿನ ಮೀನಖಂಡದ ಹಿಂದೆ ಇರುವುದು ಒಂದು ತೆಳು ತಗಡು, ಅದರ ಹಿಂದೆ ಕೆಂಡದಂಥ ಕೊಳವೆ. ಬೇಸಿಗೆಯಲ್ಲಿ ಒಂದು ಗಂಟೆ ಓಡಿಸಿದರೆ ಒಲೆಯ ಮುಂದೆ ಕೂತಂತೆ ಆಗುತ್ತದೆ. ಎಲ್ಲರೂ ಕಾಲು ಅತ್ತಿತ್ತ ಸರಿಸಿಕೊಂಡು ಕೂರುತ್ತಾರೆ. ನಮ್ಮಕ್ಕ ಸರಿಸಿಕೊಳ್ಳಲಿಲ್ಲ.

ಅದು ಗೊತ್ತಾದದ್ದು ಗೌರಿ ಹಬ್ಬದ ದಿನ, ತವರುಮನೆಯಲ್ಲಿ. ಮುತ್ತೈದೆಯರ ಕಾಲಿಗೆ ಅರಿಶಿನ ಹಚ್ಚುವ ಸರದಿ ನನ್ನದು. ಅಕ್ಕನ ಸೀರೆಯ ನೆರಿಗೆ ಸ್ವಲ್ಪ ಎತ್ತಿದೆ. ಎಡಗಾಲಿನ ಮೀನಖಂಡದ ಮೇಲೆ ಅಂಗೈಯಗಲ ಸುಟ್ಟ ಗಾಯ. ಬೊಬ್ಬೆ ಒಡೆದು, ಲಂಗದ ಬಟ್ಟೆ ಅಂಟಿಕೊಂಡಿತ್ತು.

‘ಇದೇನಕ್ಕ!’ ಎಂದು ಕಿರುಚಿದೆ.

ಅವಳು ಬಗ್ಗಿ ನೋಡಿದಳು. ‘ಏನೋ ಉಳ ಮುಟ್ಟಿರ್ಬೇಕು ಕಣಮ್ಮಿ. ನೋವೇನಿಲ್ಲ ಬುಡು.’

ಅಷ್ಟು ದೊಡ್ಡ ಗಾಯ, ನೋವಿಲ್ಲ ಅನ್ನುತ್ತಾಳೆ. ಅವಳಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಿತ್ತು. ಮಾತ್ರೆ ನುಂಗುತ್ತಾಳೆ, ಮೈಸೂರುಪಾಕನ್ನೂ ನುಂಗುತ್ತಾಳೆ, ಬೈದರೆ ನಗುತ್ತಾಳೆ. ಹಬ್ಬದ ಮಾರನೆಯ ದಿನವೇ ಅವಳನ್ನು ತಿ. ನರಸೀಪುರದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಡಾಕ್ಟರು ಅವಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಹತ್ತಿಯಿಂದ ಕಾಲು ಸವರುತ್ತ, ಎಲ್ಲಿ ಮುಟ್ಟುತ್ತಿದ್ದೇನೆ ಹೇಳಿ ಎಂದರು. ಅಕ್ಕ ಪರೀಕ್ಷೆಯಲ್ಲಿ ಕೂತ ಹುಡುಗಿಯ ಹಾಗೆ ಅಂದಾಜಿನ ಮೇಲೆ ಉತ್ತರ ಕೊಟ್ಟಳು. ಎಲ್ಲ ತಪ್ಪು.

‘ಕಾಲಿನ ಸ್ಪರ್ಶ ಹೋಗ್ತಾ ಇದೆಯಮ್ಮ. ಬಿಸಿ ತಾಗಬಾರದು. ಇನ್ನೊಂದು ಸಲ ಸುಟ್ಟುಕೊಂಡ್ರೆ ಗಾಯ ಒಣಗದೆ ಕಾಲಿಗೇ ಕುತ್ತು ಬರುತ್ತೆ. ಗಾಡಿ ಓಡಿಸೋ ವಿಷಯ, ಮೊದಲು ಗಾಯ ವಾಸಿಯಾಗ್ಲಿ, ಆಮೇಲೆ ಬನ್ನಿ, ಕೂತು ಮಾತಾಡೋಣ’ ಎಂದರು.

ನನ್ನ ಕಿವಿಗೆ ಬಿದ್ದದ್ದು ಬಿಸಿ ಎಂಬ ಮಾತೊಂದೇ. ಅದು ನನ್ನ ಕಸುಬು.

ಗಾಯ ಒಣಗುವವರೆಗೆ ಭಾವನ ತಮ್ಮ ವ್ಯಾನು ಓಡಿಸಿದ. ಅಷ್ಟರಲ್ಲಿ ಭಾವ, ಮಾತೇ ಆಡದ ಮನುಷ್ಯ, ಬಾಯಿ ಬಿಟ್ಟರು. ‘ಬನ್ನೂರಿನವನೊಬ್ಬ ಗಾಡಿ ಕೇಳ್ತಾವ್ನೆ. ಕೊಟ್ಬುಡವ. ಕಾಲಿಗಿಂತ ಗಾಡಿ ದೊಡ್ಡದಾ?’

ಅಕ್ಕ ಅಡುಗೆಮನೆಯಿಂದಲೇ ಗುಡುಗಿದಳು. ‘ಕೊಟ್ಬುಟ್ಟು ನಾನೇನ್ಮಾಡ್ಲಿ? ಮೂಲೇಲಿ ಕೂತ್ಕಂಡು ಅವರೆಕಾಯಿ ಸುಲೀಲಾ? ಬೆಳಿಗ್ಗೆ ಎದ್ರೆ ಅಷ್ಟು ಜನ ಎಂಗಸ್ರು ನನ್ನ ಆರನ್ ಕೇಳಿ ಬಾಗ್ಲಿಗೆ ಬತ್ತಾರೆ. ಅದು ನಿಂಗೆ ಗೊತ್ತಾದದಾ?’

ಆಮೇಲೆ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತು ಅತ್ತಳು. ನಮ್ಮ ಅಕ್ಕ ಅಳುವುದನ್ನು ನಾನು ಹೆಚ್ಚು ನೋಡಿದವಳಲ್ಲ. ಅವಳ ಪಕ್ಕ ಕೂತು ಹೇಳಿದೆ: ‘ಬಿಸಿ ತಾನೆ ನಿನ್ನ ಕಷ್ಟ? ಆ ಹೊಗೆಕೊಳವೆ ಬಿಚ್ಚಿಸಿ ನನ್ನ ಷೆಡ್ಡಿಗೆ ತಗೊಂಡು ಬಾ. ಸೀಟಿನ ಕೆಳಗಿನ ತಗಡನ್ನೂ ತಾ. ನಿನ್ನ ಕಾಲಿಗೆ ಬಿಸಿ ಮುಟ್ಟದ ಹಾಗೆ ಮಾಡಿಕೊಡ್ತೀನಿ.’ ಭಾವನೂ ಒಪ್ಪಿದರು. ಆದರೆ ಒಂದೇ ಮಾತು: ಇದರಿಂದ ಆಗದಿದ್ದರೆ ಗಾಡಿ ಬನ್ನೂರಿಗೆ. ಅಕ್ಕ ಆಗಲಿ ಎಂದಳು.

ದಸರಾ ರಜೆಯಲ್ಲಿ ಗಾರ್ಮೆಂಟ್ಸಿಗೂ ರಜೆ ಇತ್ತು. ಮೆಕ್ಯಾನಿಕ್ ಬಿಚ್ಚಿಕೊಟ್ಟ ಕೊಳವೆಯನ್ನು ಅಕ್ಕ ಹಳೆಯ ಟವೆಲ್ಲಿನಲ್ಲಿ ಸುತ್ತಿ, ತಗಡನ್ನು ಕಂಕುಳಲ್ಲಿ ಹಿಡಿದು, ಬಸ್ಸಿನಲ್ಲಿ ನಂಜನಗೂಡಿಗೆ ಬಂದಳು. ಕೊಳವೆ ಅಂದರೆ ಬೀಡು ಕಬ್ಬಿಣದ್ದು, ಎಂಜಿನ್ನಿನ ಹೊಗೆಯನ್ನೆಲ್ಲ ಒಟ್ಟುಮಾಡಿ ಆಚೆ ಕಳಿಸುವ ಕವಲುಕೊಳವೆ. ಕೂಸನ್ನು ಕೊಡುವ ಹಾಗೆ ಅದನ್ನು ನನ್ನ ಕೈಗೆ ಕೊಟ್ಟಳು. ತುಕ್ಕು, ಮಸಿ, ಎಣ್ಣೆ, ಎಲ್ಲ ಮೆತ್ತಿಕೊಂಡಿತ್ತು.

ಬೀಡು ಎಣ್ಣೆ ಕುಡಿದಿರುತ್ತದೆ. ಹಾಗಾಗಿ ಮೊದಲು ಒಂದು ಸಲ ಬರಿದೇ ಓವನ್ನಿನಲ್ಲಿಟ್ಟು ಎಣ್ಣೆಯನ್ನೆಲ್ಲ ಉರಿಸಿ ಹೊಗೆ ಮಾಡಿಬಿಡಬೇಕು. ಆಮೇಲೆ ಗಾಳಿಯ ರಭಸದಲ್ಲಿ ಗಟ್ಟಿ ಹರಳು ಹೊಡೆದು ಮೈಯೆಲ್ಲ ಉಜ್ಜಬೇಕು. ಆಗ ಕಬ್ಬಿಣ ಬೂದುಬಣ್ಣಕ್ಕೆ ತಿರುಗಿ, ಒರಟಾಗಿ, ಲೇಪನ ಹಿಡಿಯಲು ತಯಾರಾಗುತ್ತದೆ. ಅಲ್ಲಿಂದ ಮುಂದೆ ನಮ್ಮ ಷೆಡ್ಡಿನಲ್ಲಿ ಒಂದೇ ಕಟ್ಟಳೆ, ಬರಿಗೈಯಲ್ಲಿ ಮುಟ್ಟುವಂತಿಲ್ಲ. ಮನುಷ್ಯರ ಬೆರಳಿನ ಜಿಡ್ಡು ಸಾಕು, ಅಲ್ಲಿ ಲೇಪನ ನಿಲ್ಲುವುದಿಲ್ಲ. ಷೆಡ್ಡಿನ ಮಾಲೀಕರು ಬಂದರೂ ಕೈಗವಸು ಹಾಕಿಕೊಳ್ಳಬೇಕು. ನಾನು ಅದರಲ್ಲಿ ಯಾರ ಮುಖವನ್ನೂ ನೋಡುವವಳಲ್ಲ.

ಹರಳು ಹೊಡೆಯುವ ಸದ್ದು ತಡೆಯಲಾಗದೆ ಅಕ್ಕ, ‘ನಾನು ಗುಡಿಗೋಗಿ ಬತ್ತೀನಿ ಕಣಮ್ಮಿ’ ಎಂದು ಆಟೋ ಹತ್ತಿದಳು. ಒಳ್ಳೆಯದೇ ಆಯಿತು ಅಂದುಕೊಂಡೆ. ಅವಳು ನಂಜುಂಡಪ್ಪನ ದರ್ಶನ ಮುಗಿಸಿ ಬರುವ ಹೊತ್ತಿಗೆ ಕೊಳವೆಯೂ ತಗಡೂ ಮೇಜಿನ ಮೇಲೆ ಶುಭ್ರವಾಗಿ ಕೂತಿದ್ದವು. ಅಷ್ಟರಲ್ಲಿ ನನಗೊಂದು ಫೋನು. ಮೈಸೂರಿನ ಹುಡುಗನೊಬ್ಬ, ಅವನ ಪೈಪಿನ ಗೋಲ್ಡು ಫೋಟೋದಲ್ಲಿ ಸರಿಯಾಗಿ ಹೊಳೆಯುತ್ತಿಲ್ಲವಂತೆ. ಅವನಿಗೆ ಮಂಗಳಾರತಿ ಮಾಡಲು ನಾನು ಆಚೆ ಹೋದೆ. ವಾಪಸ್ಸು ಬಂದಾಗ ನಮ್ಮ ಷೆಡ್ಡಿನ ಸ್ಪ್ರೇ ಮಾಡುವ ಅಣ್ಣ ಆಗಲೇ ಬಿಳಿಯ ಒಂದು ಪದರ ಹೊಡೆದು ಮುಗಿಸಿದ್ದರು. ಅಕ್ಕ ಮೂಲೆಯ ಸ್ಟೂಲಿನ ಮೇಲೆ ಕೂತು ಸಮಾಧಾನವಾಗಿ ಕಲ್ಲುಸಕ್ಕರೆ ಕಡಿಯುತ್ತಿದ್ದಳು.

ಓವನ್ನು ಕಾದು, ಇಳಿದು, ತಣಿದು, ಸಂಜೆಯ ಹೊತ್ತಿಗೆ ಬಾಗಿಲು ತೆಗೆದೆವು. ತಗಡು ಹಾಲಿನಂತೆ ಬಂದಿತ್ತು. ಕೊಳವೆಯನ್ನು ಆಚೆ ತೆಗೆದೆ. ಅದರ ಅಗಲವಾದ ಬೆನ್ನಿನ ಮೇಲೆ ಲೇಪನ ಗುಳ್ಳೆಯೆದ್ದು, ಅಡ್ಡಕ್ಕೆ ಮೂರು ಗೆರೆ ಕಂದುಬಣ್ಣಕ್ಕೆ ತಿರುಗಿತ್ತು. ನಡುವೆ ಒಂದು ದುಂಡು ಬೊಟ್ಟು. ಪಕ್ಕದಲ್ಲಿ ಸರಿಯಾಗಿ ಐದು ಬೆರಳಿನ ಗುರುತು. ಉಗುರು ತಾಗಿಸಿದೆ, ಹಪ್ಪಳದ ಹಾಗೆ ಎದ್ದು ಬಂತು.

‘ಯಾರ್ರೀ ಇದನ್ನ ಮುಟ್ಟಿದ್ದು?’ ಎಂದು ಷೆಡ್ಡಿನ ತಗಡು ಹಾರಿಹೋಗುವ ಹಾಗೆ ಕೂಗಿದೆ.

ಅಕ್ಕ ಸ್ಟೂಲಿನಿಂದ ಎದ್ದಳು. ‘ನಾನು ಕಣಮ್ಮಿ. ವಸ ಕೆಲ್ಸ. ಬೋಳು ಅಣೇಲಿ ಒಲೆಗೆ ಓಗಬಾರ್ದು ಅಂತ ಈಬೂತಿ ಇಟ್ಟೆ. ಒಂದು ಕುಂಕುಮ ಇಟ್ಟೆ. ಕಣ್ಗೊತ್ಕಂಡೆ. ಅಷ್ಟೇ.’

ಅವಳ ಬೆರಳಲ್ಲಿ ಬೆಳಿಗ್ಗೆ ತಲೆಗೆ ಹಚ್ಚಿಕೊಂಡ ಕೊಬ್ಬರಿ ಎಣ್ಣೆ, ಗುಡಿಯಲ್ಲಿ ಹಚ್ಚಿದ ದೀಪದ ತುಪ್ಪ, ಎಲ್ಲ ಇದ್ದವು. ಅವಳಿಗೆ ಬೈದು ಏನು ಪ್ರಯೋಜನ ಎಂದು ಸ್ಪ್ರೇ ಅಣ್ಣನ ಕಡೆ ತಿರುಗಿದೆ. ಅವರು ಹದಿನೈದು ವರ್ಷದಿಂದ ಇದೇ ಕೆಲಸ ಮಾಡುವವರು. ‘ನಿಮಗೆ ಕಣ್ಣು ಇರಲಿಲ್ವಾ? ಒರೆಸಿ ಹೊಡೀಬೇಕು ಅಂತ ಗೊತ್ತಿರಲಿಲ್ವಾ?’

ಅವರು ಕೈಗವಸನ್ನು ಹಿಂಡುತ್ತ ನಿಂತರು. ‘ಗೊತ್ತಿತ್ತು ಮೇಡಂ. ಗಾಳಿ ಒಡ್ದೆ, ಉದುರೋದು ಉದುರ್ತು. ದೇವ್ರ ಈಬೂತಿನ ಸಾಲ್ವೆಂಟ್ ಆಕಿ ಒರ್ಸೋಕೆ ಕೈ ಬರ್ನಿಲ್ಲ. ನೀವಾಗಿದ್ರೆ ಒರಸ್ತಿದ್ರಾ?’

ನಾನೂ ನಂಜನಗೂಡಿನಲ್ಲೇ ಅನ್ನ ತಿನ್ನುವವಳು. ತಲೆ ಚಚ್ಚಿಕೊಂಡೆ. ಅಕ್ಕ ನನ್ನ ಮುಖ, ಅಣ್ಣನ ಮುಖ ನೋಡಿ ಮೊದಲು ನಕ್ಕಳು. ಅಣ್ಣನೂ ನಕ್ಕರು. ಕೊನೆಗೆ ನನಗೂ ನಗು ತಡೆಯಲಿಲ್ಲ.

ಆ ರಾತ್ರಿ ಅಕ್ಕ ನನ್ನ ರೂಮಿನಲ್ಲೇ ಉಳಿದಳು. ಮಾರನೆಯ ದಿನ ಕೊಳವೆಯ ಲೇಪನವನ್ನೆಲ್ಲ ಹರಳು ಹೊಡೆದು ಕಿತ್ತು, ಮೊದಲಿನಿಂದ ಶುರುಮಾಡಿದೆವು. ಈ ಸಲ ಅಕ್ಕನನ್ನು ಗಾಜಿನ ಆಚೆ ಆಫೀಸಿನಲ್ಲಿ ಕೂರಿಸಿ, ‘ಕೈ ಮಡಿಲಲ್ಲಿ ಇಟ್ಕೊಂಡು ಕೂತ್ಕೋ. ದೇವರನ್ನ ಮನಸ್ಸಲ್ಲೇ ನೆನಸ್ಕೋ’ ಎಂದೆ. ಅವಳು ಹಾಗೇ ಕೂತಳು. ಗಾಜಿನಾಚೆ ಅವಳ ತುಟಿ ಅಲುಗಾಡುತ್ತಲೇ ಇತ್ತು. ಸ್ಪ್ರೇ ಅಣ್ಣ ಕೈಗವಸು ಹಾಕಿದ ಕೈಯಲ್ಲೇ ಅವಳಿಗೆ ದೂರದಿಂದ ನಮಸ್ಕಾರ ಮಾಡಿ ಗನ್ನು ಹಿಡಿದರು. ಸಂಜೆ ಬಾಗಿಲು ತೆಗೆದಾಗ ಕೊಳವೆ ಒಂದೇ ಸಮನೆ, ಮಾಸಲು ಬಿಳಿ, ಒಂದು ಚುಕ್ಕೆ ಇಲ್ಲ. ನಾನು ಮಾಡಿಸಿದ ಕೆಲಸಗಳಲ್ಲೆಲ್ಲ ಅದೇ ಚೆನ್ನಾಗಿ ಬಂದದ್ದು ಎಂದು ಈಗಲೂ ಹೇಳುತ್ತೇನೆ. ಅಷ್ಟು ಚೆಂದದ ವಸ್ತು ಸೀಟಿನ ಕೆಳಗೆ ಯಾರ ಕಣ್ಣಿಗೂ ಬೀಳದೆ ಕೂರುತ್ತದಲ್ಲ ಎಂದು ಅಣ್ಣ ಪೇಚಾಡಿದರು.

ಆ ಭಾನುವಾರ ನಾನೂ ತಿ. ನರಸೀಪುರಕ್ಕೆ ಹೋದೆ. ಮೆಕ್ಯಾನಿಕ್ ಎಲ್ಲವನ್ನೂ ಕೂರಿಸಿದ. ಭಾವ ಒಂದು ಸುತ್ತು ದೂರ ಓಡಿಸಿ ತಂದು ನಿಲ್ಲಿಸಿದರು. ಎಂಜಿನ್ ಚೆನ್ನಾಗಿ ಕಾದಿತ್ತು. ನಾನು ಬಗ್ಗಿ, ಡ್ರೈವರ್ ಸೀಟಿನ ಮುಂದಿನ ತಗಡಿನ ಮೇಲೆ ಅಂಗೈ ಇಟ್ಟೆ. ಮೊದಲಾಗಿದ್ದರೆ ಚಟಕ್ಕನೆ ಎಳೆದುಕೊಳ್ಳಬೇಕಿತ್ತು. ಈಗ ಉಗುರುಬೆಚ್ಚಗೆ, ಅಷ್ಟೇ. ಕೈಯನ್ನು ಅಲ್ಲೇ ಬಿಟ್ಟೆ. ಭಾವನೂ ಕೈ ಇಟ್ಟು ನೋಡಿ, ‘ಪರವಾಗಿಲ್ವಲ್ಲ’ ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಅಕ್ಕ ಮಾತ್ರ ಮುಟ್ಟಿ ನೋಡಲಿಲ್ಲ. ‘ನೀನು ಯೋಳಿದ್ಮೇಲೆ ಆಯ್ತು. ಗಾಡಿ ಅತ್ತಮ್ಮಿ, ಒಂದು ರೌಂಡ್ ಓಗ್ಬರವ’ ಎಂದು ಸ್ಟೇರಿಂಗಿನ ಹಿಂದೆ ಏರಿ ಕೂತೇ ಬಿಟ್ಟಳು. ತಿಂಗಳ ಮೇಲೇ ಆಗಿತ್ತು ಅವಳು ಆ ಜಾಗದಲ್ಲಿ ಕೂತು. ಕನ್ನಡಿ ಸರಿಮಾಡಿಕೊಂಡಳು, ಹಾರ್ನ್ ಒಂದು ಸಲ ಸುಮ್ಮಸುಮ್ಮನೆ ಹೊಡೆದಳು. ಬನ್ನೂರಿನ ರಸ್ತೆಗೆ ಬಿದ್ದೆವು. ಎರಡೂ ಕಡೆ ಕಬ್ಬು, ಆಚೆ ನಾಲೆ, ಗದ್ದೆಯಲ್ಲಿ ಭತ್ತ ತೆನೆ ಹೊತ್ತಿತ್ತು. ದಾರಿಯಲ್ಲಿ ಸಿಕ್ಕ ಹೆಂಗಸರೆಲ್ಲ ಕೈಯೆತ್ತಿ, ‘ವ್ಯಾನಕ್ಕ, ನಾಳಿಂದ ಬತ್ತೀಯಾ?’ ಎಂದು ಕೂಗಿದರು. ‘ಬತ್ತೀನಿ, ರೆಡಿಯಾಗಿರಿ!’ ಎಂದು ಅಕ್ಕ ಕೂಗಿದಳು. ಅವಳ ಮುಖ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಮದುವೆಮನೆಯ ದೊಡ್ಡಪ್ಪನನ್ನು ಕೂಡ ಆ ಕ್ಷಣ ಕ್ಷಮಿಸಿಬಿಟ್ಟೆ.

ಒಂದು ಕಬ್ಬಿನ ಹಾಲಿನ ಅಂಗಡಿಯ ಹತ್ತಿರ ನಿಲ್ಲಿಸಿ ಇಬ್ಬರೂ ಇಳಿದೆವು. ಅವಳಿಗೆ ಕಬ್ಬಿನ ಹಾಲು ಕುಡಿಯಲು ನಾನು ಬಿಡಲಿಲ್ಲ, ಮಜ್ಜಿಗೆ ಕೊಡಿಸಿದೆ. ಅಂಗಡಿಯವನ ಮುಂದೆಯೇ ನನಗೆ ಬೈದುಕೊಂಡು ಕುಡಿದಳು. ಮತ್ತೆ ಹತ್ತಿ ಹೊರಟೆವು. ಸ್ವಲ್ಪ ದೂರದಲ್ಲಿ ತಿರುವು. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಗದ್ದೆಯ ದಾರಿಯಿಂದ ನಿಧಾನವಾಗಿ ರಸ್ತೆಗೆ ಮೂತಿ ಚಾಚಿತು. ಅಕ್ಕ ನೋಡಿದಳು, ನಾನೂ ನೋಡಿದೆ. ಗಾಡಿ ನಿಂತಿತು. ಆದರೆ ನಾನು ಅಂದುಕೊಂಡದ್ದಕ್ಕಿಂತ ತಡವಾಗಿ, ಟ್ರೈಲರಿನ ಕಬ್ಬಿನ ಗರಿ ನಮ್ಮ ಗಾಜಿಗೆ ಸವರುವಷ್ಟು ಹತ್ತಿರ. ಟ್ರ್ಯಾಕ್ಟರಿನವನು ಏನೋ ಬೈದು ಹೋದ.

ನನ್ನ ಕಣ್ಣು ತಾನಾಗಿಯೇ ಬ್ರೇಕಿನ ಕಡೆ ಹೋಯಿತು. ಅಕ್ಕನ ಬಲಗಾಲು ಬರಿಗಾಲು. ಅದೂ ಪೂರ್ತಿ ಬ್ರೇಕಿನ ಮೇಲಿಲ್ಲ, ಅರ್ಧ ಪಕ್ಕಕ್ಕೆ ಜಾರಿತ್ತು. ಎಡಗಾಲಿನಲ್ಲಿ ಚಪ್ಪಲಿ ಇತ್ತು.

‘ಅಕ್ಕ, ಬಲಗಾಲಿನ ಚಪ್ಪಲಿ ಎಲ್ಲಿ?’

‘ಕಾಲಲ್ಲೇ ಅದೆಯಲ್ಲ’ ಎಂದಳು, ರಸ್ತೆ ನೋಡುತ್ತಲೇ.

ನಾನು ಅವಳ ಬರಿಗಾಲಿನ ಕಡೆ ಬೆರಳು ತೋರಿಸಿದೆ. ಅದು ಕಬ್ಬಿನ ಹಾಲಿನ ಅಂಗಡಿಯ ಮುಂದೆ ಎಲ್ಲೋ ಬಿದ್ದಿರಬೇಕು. ಅಕ್ಕ ತಿರುಗಿ ನೋಡಿದಳು, ಆಮೇಲೆ ಬಗ್ಗಿ ತನ್ನ ಕಾಲು ನೋಡಿಕೊಂಡಳು. ಬೆರಳು ಅಲ್ಲಾಡಿಸಲು ನೋಡಿದಳು. ತುಂಬ ಹೊತ್ತು ನೋಡಿದಳು. ಹಿಂದೆ ಯಾರೋ ಹಾರ್ನ್ ಹೊಡೆದರು. ಗಾಡಿಯನ್ನು ನಿಧಾನವಾಗಿ ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಕೀಲಿ ತಿರುಗಿಸಿ ಆಫ್ ಮಾಡಿದಳು.

ನಾನು ಅತ್ತುಬಿಟ್ಟೆ. ಬಿಸಿ, ಬಿಸಿ ಎಂದು ಬಡಿದುಕೊಂಡೆನಲ್ಲ, ಬಿಸಿ ತಿಳಿಯದ ಕಾಲಿಗೆ ಬ್ರೇಕು ಹೇಗೆ ತಿಳಿಯುತ್ತದೆ ಎಂದು ಒಂದು ಸಲವೂ ಯೋಚಿಸಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಅಕ್ಕ ಅಳಲಿಲ್ಲ. ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು.

‘ಇಂದ್ಗಡೆ ಕೂರೋರೆಲ್ಲ ಮಕ್ಕಳೊಂದ್ಗರು ಕಣಮ್ಮಿ’ ಎಂದಳು ಕೊನೆಗೆ. ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ‘ನೀನು ಈ ಕಡೆ ಬಾ. ಓಡ್ಸು.’

ನಾವು ಜಾಗ ಬದಲಾಯಿಸಿದೆವು. ನಾನು ಗಾಡಿ ತಿರುಗಿಸಿ ತಿ. ನರಸೀಪುರದ ಕಡೆ ಹೊರಟೆ. ಅಕ್ಕ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಊರು ಹತ್ತಿರ ಬಂದಾಗ ಮಾತಾಡಿದಳು.

‘ಬನ್ನೂರಿನವನಿಗೆ ಫೋನ್ ಮಾಡು ಅಂತ ನಿಮ್ಮ ಭಾವಂಗೆ ಯೋಳು. ಕೊಟ್ಬುಡವ.’

‘ಹೂಂ’ ಎಂದೆ.

‘ಸೀಟು ಕಾಯಾಕಿಲ್ಲ ಅಂತಲೂ ಯೋಳು ಅವನ್ಗೆ. ನನ್ನ ತಂಗಿ ಮಾಡಿರಾದು ಅಂತ ಯೋಳು.’